ಗೀಟು ಎಳೆಯದ ಹದಿನೇಳನೇ ತಟ್ಟೆ

ಪ್ರಯೋಗಾಲಯದಲ್ಲಿ ಗಾಜಿನ ತಟ್ಟೆ ತೊಳೆಯುವ ಹೆಂಗಸಿಗೆ ಎಲ್ಲರೂ ಬೆನ್ನ ಹಿಂದೆ ಇಟ್ಟ ಹೆಸರು ಗೀಟಕ್ಕ. ಒಳಗಿನದನ್ನು ಬಿಸಾಡಬೇಕಾದ ತಟ್ಟೆಯ ಮುಚ್ಚಳದ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಎಳೆದಿರಬೇಕು. ಇಲ್ಲದಿದ್ದರೆ ಬ್ರಹ್ಮ ಬಂದು ಹೇಳಿದರೂ ಆಕೆ ಅದನ್ನು ಒಳಗಿನ ಜೀವವನ್ನೆಲ್ಲ ಕೊಲ್ಲುವ ಆಟೋಕ್ಲೇವಿನ ಹಬೆಗೆ ಹಾಕುವವಳಲ್ಲ.

ಬೂಸ್ಟಿನ, ಅಂದರೆ ಶಿಲೀಂಧ್ರದ, ಸಂಶೋಧಕಿಗೂ ಆಕೆಗೂ ಹೋದ ತಿಂಗಳು ಇದೇ ವಿಷಯಕ್ಕೆ ಜಟಾಪಟಿ ಆಗಿತ್ತು.

"ಬುಟ್ಟಿಗೆ ಹಾಕಿದ್ದೀನಿ ಅಂದ್ರೆ ಬೇಡ ಅಂತ ತಾನೇ ಅರ್ಥ? ಇದಕ್ಕೂ ಗೀಟು ಬೇಕಾ?" ಎಂದು ಸಂಶೋಧಕಿ ರೇಗಿದ್ದಳು.

"ಕೈತಪ್ಪಿ ಬಿದ್ದದ್ದೋ, ಬೇಕಂತ ಹಾಕಿದ್ದೋ, ನಂಗೆ ಹೇಗೆ ಗೊತ್ತಾಗ್ಬೇಕು ಮೇಡಂ? ಗೀಟು ಹಾಕಿ ಕೊಡಿ," ಎಂದು ಗೀಟಕ್ಕ ತಟ್ಟೆಗಳನ್ನು ವಾಪಸು ಮೇಜಿನ ಮೇಲೆ ತಂದಿಟ್ಟಿದ್ದಳು.

ಸಂಶೋಧಕಿಯ ಮೂರು ವರ್ಷ ಮಾರ್ಟಿಯೆರೆಲ್ಲ ಎಂಬ ಒಂದೇ ಕುಲಕ್ಕೆ ಮುಡಿಪಾಗಿತ್ತು. ಮಣ್ಣಿನೊಳಗಿನ ಬೂಸ್ಟು ಅದು. ಕೊಳೆತ ಎಲೆ, ಒಣಗಿದ ಬೇರು, ಸತ್ತ ಹುಳುವಿನ ಚಿಪ್ಪು, ಯಾರಿಗೂ ಬೇಡವಾದದ್ದನ್ನೆಲ್ಲ ಅರಗಿಸಿ ಗಿಡಕ್ಕೆ ಉಣ್ಣಲು ಕೊಡುವ ಜೀವ. ತಟ್ಟೆಯಲ್ಲಿ ಬೆಳೆಸಿದರೆ ಬೆಳ್ಳಗೆ ಪದರ ಪದರವಾಗಿ ಹರಡುತ್ತದೆ, ಬೆಳ್ಳುಳ್ಳಿಯ ವಾಸನೆ ಹೊಡೆಯುತ್ತದೆ. ಸಂಶೋಧಕಿಯ ಮೂಗು ಅದಕ್ಕೆ ಎಷ್ಟು ಒಗ್ಗಿಹೋಗಿತ್ತೆಂದರೆ ವಾಸನೆ ಇದ್ದರೂ ಇಲ್ಲದಿದ್ದರೂ ಅವಳಿಗೆ ಒಂದೇ. ಇದರ ಪ್ರಭೇದಗಳನ್ನು ಬರಿಗಣ್ಣಿನಿಂದ ಬೇರ್ಪಡಿಸುವುದು ಅವಳಿ ಮಕ್ಕಳನ್ನು ಬೆನ್ನು ನೋಡಿ ಗುರುತಿಸಿದಷ್ಟೇ ಕಷ್ಟ. ಹಾಗಾಗಿ ಅಂಕಿ ಬರೆದು ಸಾಲಾಗಿ ಬೆಳೆಸಿದ ತಟ್ಟೆಗಳಲ್ಲಿ ಹದಿನೇಳನೆಯದು ಹದಿನಾರರ ತದ್ರೂಪೇ ಎಂದುಕೊಂಡು, ರಜೆಗೆ ಹೊರಡುವ ಗಡಿಬಿಡಿಯಲ್ಲಿ ಅವಳು ಅದನ್ನು ಬುಟ್ಟಿಗೆ ಎಸೆದಳು.

ವಾಪಸು ಬಂದಾಗ, ಮೊದಲೇ ಕಳಿಸಿದ್ದ ಮಾದರಿಗಳ ಡಿಎನ್‌ಎ ವರದಿ ಕಾದಿತ್ತು. ಹದಿನಾರು ಹಳೆಯ ಪ್ರಭೇದ. ಹದಿನೇಳು ಈವರೆಗೆ ಯಾರೂ ಹೆಸರಿಡದ ಹೊಸದು. ಶೀತಲ ಪೆಟ್ಟಿಗೆಯಲ್ಲಿ ಕಾದಿಟ್ಟಿದ್ದ ಹದಿನೇಳರ ಒಂದೇ ಒಂದು ನಳಿಕೆಯಿಂದ ಮತ್ತೆ ಬೆಳೆಸಿ ನೋಡಿದಳು. ನಾಲ್ಕು ದಿನವಾದರೂ ಒಂದೆಳೆ ಮೇಲೇಳಲಿಲ್ಲ. ಮಣ್ಣು ತಂದಿದ್ದ ಜಾಗಕ್ಕೆ ಆಗಲೇ ಕಾಂಕ್ರೀಟು ಬಿದ್ದಿತ್ತು.

"ಜೀವಂತ ಮಾದರಿನೇ ಇಲ್ದೆ ಯಾವುದನ್ನ ಹೊಸ ಪ್ರಭೇದ ಅಂತ ವರ್ಣಿಸ್ತೀಯಮ್ಮ?" ಎಂದರು ಮಾರ್ಗದರ್ಶಕರು.

ಕೊನೆಗೆ ಆಸೆಯಿಲ್ಲದೆಯೇ ತೊಳೆಯುವ ಕೋಣೆಗೆ ಹೋದಳು. ಬಾಯಿ ಬಿಡಲು ನಾಚಿಕೆ. "ಅಕ್ಕ, ರಜೆಗೆ ಹೋಗೋ ಮುಂಚೆ ನಾನೊಂದು ತಟ್ಟೆ..."

"ಹದಿನೇಳಾ?" ಗೀಟಕ್ಕ ಕೈ ಒರೆಸಿಕೊಂಡು ಕಪಾಟಿನ ಅಡಿಯಿಂದ ಬಿಸ್ಕತ್ತಿನ ಡಬ್ಬಿ ಎಳೆದಳು. "ಗೀಟಿರ್ಲಿಲ್ಲ. ಕೇಳೋಣ ಅಂದ್ರೆ ನೀವು ರಜೆ. ಬಂದ್ಮೇಲೂ ಮುಖ ಊದಿಸ್ಕೊಂಡೇ ಓಡಾಡ್ತಿದ್ರಿ, ಮತ್ತೆ ಯಾಕೆ ಬೈಸ್ಕೊಳ್ಳೋದು ಅಂತ ಸುಮ್ನಿದ್ದೆ. ಅದೂ ಅಲ್ದೆ ನಿಮ್ಮ ತಟ್ಟೆಗಳೆಲ್ಲ ಬೆಳ್ಳುಳ್ಳಿ ನಾರ್ತವೆ, ಇದೊಂದು ನಾರಲ್ಲ. ಏನೋ ಬೇರೆ ಇರ್ಬೇಕು ಅನ್ನಿಸ್ತು."

ಸುತ್ತಲೂ ಟೇಪು ಹಚ್ಚಿದ ತಟ್ಟೆ. ಒಳಗೆ ಬಿಳಿ ಬೂಸ್ಟು, ಅಂಚಿನಲ್ಲಿ ಇನ್ನೂ ಹಸಿಹಸಿ. ಸಂಶೋಧಕಿ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಅತ್ತುಬಿಟ್ಟಳು.

"ನಿಮ್ಮ ಉಪಕಾರ ಹೇಗೆ ತೀರಿಸ್ಲಿ ಅಕ್ಕ? ಇದಕ್ಕೆ ನಿಮ್ಮ ಹೆಸರೇ ಇಡ್ತೀನಿ."

"ಬೂಸ್ಟಿಗೆ ನನ್ನ ಹೆಸರಾ? ನಮ್ಮ ಸೊಸೆ ಕೇಳಿದ್ರೆ ಸರಿಯಾಗೇ ಇಟ್ಟಿದ್ದಾರೆ ಅಂತಾಳೆ. ಬೇಡ ತಾಯಿ. ಇನ್ಮೇಲೆ ಗೀಟು ಹಾಕಿ, ಅಷ್ಟು ಸಾಕು."

ಆ ಮಾತನ್ನು ಸಂಶೋಧಕಿ ಮೀರಲಿಲ್ಲ. ಲ್ಯಾಟಿನ್ನಿನಲ್ಲಿ ಗೀಟಿಲ್ಲದ್ದು ಎಂಬ ಅರ್ಥ ಬರುವ ಹೆಸರಿಟ್ಟಳು. ಬೂಸ್ಟು ಇಪ್ಪತ್ತು ನಳಿಕೆಗಳಿಗೆ ಇಳಿದು, ಬೇರೆ ಮೂರು ಪ್ರಯೋಗಾಲಯಗಳಿಗೂ ಹೋಗಿ ಸುಖವಾಗಿ ಬೆಳೆಯಿತು. ಪ್ರಬಂಧ ಅಚ್ಚಾದ ದಿನ ಅವಳು ಆ ಹಳೆಯ ಹದಿನೇಳನೇ ತಟ್ಟೆಯ ಮುಚ್ಚಳದ ಮೇಲೆ ಸ್ಕೇಲು ಇಟ್ಟು ನೆಟ್ಟಗೆ ಕೆಂಪು ಗೀಟು ಎಳೆದಳು. ಬುಟ್ಟಿಗೆ ಹಾಕದೆ, ತಾನೇ ಹೋಗಿ ಎರಡೂ ಕೈಯಿಂದ ಗೀಟಕ್ಕನಿಗೆ ಕೊಟ್ಟು ಬಂದಳು.

ಮರುದಿನ ಆ ಮುಚ್ಚಳ ಅವಳ ಮೇಜಿನ ಮೇಲಿತ್ತು. ಹಬೆಯಲ್ಲಿ ಬೆಂದು, ತೊಳೆಸಿಕೊಂಡು, ಥಳಥಳ ಹೊಳೆಯುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಗಾಜಿನ ಮೇಲೆ ಒಂದು ಚುಕ್ಕೆ ಶಾಯಿ ಉಳಿಸದ ಗೀಟಕ್ಕ, ಆ ಕೆಂಪು ಗೀಟನ್ನು ಮಾತ್ರ ಉಜ್ಜದೆ ಹಾಗೇ ಬಿಟ್ಟಿದ್ದಳು.