ಸಲಹೆ ಕೊಡಬಾರದವರು

ಬೋರಮ್ಮ ಕೇಳಿದ್ದು ಶರ್ಮಿಳಾಳನ್ನಲ್ಲ, ಪಕ್ಕದ ಕುರ್ಚಿಯಲ್ಲಿದ್ದ ವಸಂತಮ್ಮನನ್ನು.

"ವಸಂತಕ್ಕ, ಮನೆ ಮಂಜೂರಾಗೈತಂತೆ. ಹಳೇದ ಈಗ್ಲೇ ಕೆಡವ್‌ಬೋದಾ?"

ವಸಂತಮ್ಮ ಬಾಯಿ ತೆರೆಯಲಿಲ್ಲ. ತಪಾಸಣೆಗೆ ಬಂದ ಅಧಿಕಾರಿ ಎದುರಿಗೇ ಪೆನ್ನು ಹಿಡಿದು ಕುಳಿತಿದ್ದರು. ಅರಸೀಕೆರೆಯ ಈ ವಸತಿ ಸಲಹಾ ಕೇಂದ್ರದಲ್ಲಿ ಅವಳು ಹನ್ನೊಂದು ವರ್ಷ ಜನರಿಗೆ ಅರ್ಜಿ ಬರೆದುಕೊಟ್ಟು, ದಾರಿ ಹೇಳಿದವಳು. ಈ ವರ್ಷದಿಂದ ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದವರು ಮಾತ್ರ ಸಲಹೆ ಕೊಡಬೇಕು. ಬೇರೆಯವರು ಕೊಟ್ಟದ್ದು ಕಂಡರೆ ಕೇಂದ್ರದ ಮಾನ್ಯತೆ ರದ್ದು. ಕಂಪ್ಯೂಟರಿನಲ್ಲಿ ಬರೆಯುವ ಆ ಪರೀಕ್ಷೆಯಲ್ಲಿ ಅವಳು ಎರಡು ಸಲ ನಪಾಸಾಗಿದ್ದಳು. ಈಗ ಅವಳ ಕೆಲಸ ಕಡತ ತೆಗೆದುಕೊಡುವುದಷ್ಟೇ. ಪಾಸಾದ ಶರ್ಮಿಳಾ ಬಂದು ಇಪ್ಪತ್ತು ದಿನವಾಗಿತ್ತು.

"ಅಮ್ಮಾ, ನನ್ನನ್ನ ಕೇಳಿ," ಎಂದು ಶರ್ಮಿಳಾ ನಗುತ್ತಲೇ ಹೇಳಿ, ಪಟ್ಟಿಯಲ್ಲಿ ಹೆಸರು ಹುಡುಕಿದಳು. ಮಂಜೂರಾಗಿದೆ, ಹಳೆಯದನ್ನು ಕೆಡವಿ ಪಾಯ ತೆಗೆಸಬಹುದು ಎಂದಳು.

ತಪ್ಪು. ಹಳೆಯ ಮನೆ ನಿಂತಿರುವಾಗಲೇ ಪಂಚಾಯಿತಿಯವರು ಬಂದು ಅದರ ಫೋಟೊ ತೆಗೆಯಬೇಕು. ಅದಕ್ಕೆ ಮೊದಲೇ ಕೆಡವಿದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಹೋದ ವರ್ಷ ಮೂರು ಜನರದು ಹೀಗೇ ಹೋಗಿತ್ತು. ಮೇಜಿನ ಕೆಳಗೆ ಶರ್ಮಿಳಾಳ ಕಾಲು ತಟ್ಟೋಣವೆಂದುಕೊಂಡಳು ವಸಂತಮ್ಮ. ಅಧಿಕಾರಿ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಬೋರಮ್ಮ ಏಳುವ ಮುನ್ನ ಒಮ್ಮೆ ಅವಳ ಕಡೆ ತಿರುಗಿದಳು. ವಸಂತಮ್ಮ ತಲೆ ತಗ್ಗಿಸಿ ಕಡತದ ದಾರ ಕಟ್ಟಿದಳು.

ಅಧಿಕಾರಿ ಹೊರಡುವ ಹೊತ್ತಿಗೆ ಸಂಜೆ ಐದಾಗಿತ್ತು. ಆಗ ವಸಂತಮ್ಮ ಶರ್ಮಿಳಾಳಿಗೆ ಫೋಟೊದ ವಿಷಯ ಹೇಳಿದಳು. ಪರೀಕ್ಷೆಗೆ ಓದಿದ ಪುಸ್ತಕದಲ್ಲಿ ಅದು ಇರಲಿಲ್ಲ ಎಂದಳು ಶರ್ಮಿಳಾ. ಅರ್ಜಿಯಲ್ಲಿದ್ದುದು ಬೋರಮ್ಮನ ಮೈದುನನ ನಂಬರು. ಸ್ವಿಚ್ ಆಫ್ ಆಗಿತ್ತು. ವಸಂತಮ್ಮ ಬಸ್‌ಸ್ಟ್ಯಾಂಡಿಗೆ ಓಡಿದಳು. ಬೋರಮ್ಮನ ಊರಿಗೆ ಹೋಗುವ ಜಾವಗಲ್ ಕಡೆಯ ಕೊನೆಯ ಬಸ್ಸು ಹೋಗಿಬಿಟ್ಟಿತ್ತು.

ಮರುದಿನ ಮೊದಲ ಬಸ್ಸಿಗೆ ಹೋದಳು. ಹಾರೆಯ ಸದ್ದು ಬೀದಿಯ ತಿರುವಿಗೇ ಕೇಳಿಸಿತು. ಹೆಂಚು ಇಳಿಸಿ ಒಟ್ಟಿದ್ದರು. ಮೂರು ಗೋಡೆ ಬಿದ್ದಿದ್ದವು, ನಾಲ್ಕನೆಯದಕ್ಕೆ ಇಬ್ಬರು ಮೈದುನಂದಿರು ಕೈ ಹಾಕಿದ್ದರು.

"ಬರ್ರಿ ಅಕ್ಕ." ಬೋರಮ್ಮನ ಕೂದಲೆಲ್ಲ ಮಣ್ಣು. "ದಿನ ಚೆನ್ನಾಗೈತೆ ಅಂದ್ರು. ಬೆಳಕು ಹರಿಯಾಕ್ ಮುಂಚೇನೇ ಸುರು ಮಾಡ್ದೊ."

ಫೋಟೊ ತೆಗೆಯಲು ಯಾರಾದರೂ ಬಂದಿದ್ದರೇ ಎಂದು ವಸಂತಮ್ಮ ಕೇಳಿದಳು. ಯಾರೂ ಬಂದಿರಲಿಲ್ಲ.

"ಆ ಹುಡುಗಿ ಮಾತು ನಂಬೋದೋ ಬ್ಯಾಡ್ವೋ ಅಂತಿದ್ದೆ," ಎಂದಳು ಬೋರಮ್ಮ. "ನಿಮ್ ಮಕ ನೋಡ್ದೆ. ನೀವು ಸುಮ್ಕಿದ್ರಲ್ಲ, ಸರಿಯಾಗೇ ಹೇಳವ್ಳೆ ಅಂದ್ಕಂಡೆ."

ಬೋರಮ್ಮ ಆಗಲೇ ಬಯಲಿಗೆ ಬಿದ್ದಿದ್ದ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತು, ಬೂದಿಯ ಮೇಲಿನ ಮಣ್ಣುಹೆಂಟೆಗಳನ್ನು ಆಯ್ದು ಪಕ್ಕಕ್ಕಿಟ್ಟು, ಬಂದವರಿಗೆ ಟೀ ಕಾಸಲು ಉರಿ ಹಚ್ಚುತ್ತಿದ್ದಳು. ಗಾಳಿಗೆ ಉರಿ ನಿಲ್ಲುತ್ತಿರಲಿಲ್ಲ. ಅವಳು ಸೆರಗು ಅಡ್ಡ ಹಿಡಿದು ಮತ್ತೆ ಕಡ್ಡಿ ಗೀರಿದಳು.