ಬಣ್ಣದ ಲೋಟದ ಜ್ಞಾನಸ್ನಾನ

ಸೋಮವಾರ ಗೊಂಬೆಗೆ ಜ್ಞಾನಸ್ನಾನ, ಮಂಗಳವಾರ ತರಗತಿಯ ಫೋಟೊ, ಬುಧವಾರ ಬಣ್ಣ ಬಳಿಯುವುದು, ಗುರುವಾರ ಬಲಿಪೂಜೆಯ ಅಭ್ಯಾಸ, ಶುಕ್ರವಾರ ಇಡೀ ಶಾಲೆಗೆ ಬಲಿಪೂಜೆ, ಎಂದರೆ ಪಾದ್ರಿಗಳು ನಡೆಸುವ ಚರ್ಚಿನ ಪ್ರಾರ್ಥನೆ. ಒಂದನೇ ತರಗತಿಯ ಮಿಸ್ಸಿಗೆ ಆ ವಾರ ತನ್ನ ಮೂಗು ಒರೆಸಿಕೊಳ್ಳಲು ಪುರುಸೊತ್ತಿರಲಿಲ್ಲ. ಹೊತ್ತೆಲ್ಲ ಬೇರೆಯವರ ಮೂಗು ಒರೆಸುವುದರಲ್ಲೇ ಹೋಗುತ್ತಿತ್ತು.

ತಲೆಗೆ ನೀರು ಸುರಿದು, ಹೆಸರಿಟ್ಟು, ಮಗುವನ್ನು ಕ್ರೈಸ್ತ ಸಭೆಗೆ ಸೇರಿಸುವ ಜ್ಞಾನಸ್ನಾನದ ಪಾಠ ಸೋಮವಾರ ಚೆನ್ನಾಗಿ ನಡೆಯಿತು. ಬಟ್ಟೆಯ ಗೊಂಬೆ, ಗಾಜಿನ ಬೋಗುಣಿ, ಮೇಣದಬತ್ತಿಯ ಬದಲು ಬ್ಯಾಟರಿ ದೀಪ. ಪಾದ್ರಿ ಯಾರಾಗುತ್ತೀರಿ ಎಂದು ಕೇಳುವ ಮೊದಲೇ ಒಬ್ಬ ಬಿಳಿ ಟವಲು ಹೊದ್ದು ನಿಂತಿದ್ದ. ಊರವರಿಗೆಲ್ಲ ಕೆಲಸ ಹಚ್ಚುವ ಅವನಿಗೆ ಆಯಾ ಇಟ್ಟ ಹೆಸರು ಮೇಸ್ತ್ರಿ. ನೀರು ಸುರಿಯುತ್ತ ಹೇಳಬೇಕಾದ ಮಾತನ್ನು ಮಿಸ್ ಅವನಿಗೆ ತಪ್ಪಿಲ್ಲದೆ ಬರುವ ತನಕ ಹೇಳಿಕೊಟ್ಟಳು. ಆಮೇಲೆ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಳು.

ಪಾಠದುದ್ದಕ್ಕೂ ಚೋಟಿ ಕಿಟಕಿಯ ಪಕ್ಕ ಕೂತು ಚಿತ್ರ ಬರೆಯುತ್ತಿದ್ದಳು. ಅವಳ ಮನೆಯವರ ನಂಬಿಕೆ ಬೇರೆ. ಬಸ್ ಕಂಡಕ್ಟರ್ ಆಗಿದ್ದ ಅವಳ ಅಮ್ಮ ಶಾಲೆಗೆ ಸೇರಿಸಿದ ದಿನವೇ ಕಡ್ಡಿ ಮುರಿದಂತೆ ಹೇಳಿದ್ದಳು: "ನಿಮ್ಮ ಪ್ರಾರ್ಥನೆ ಹೊತ್ತಲ್ಲಿ ಇವಳು ಸುಮ್ನೆ ಕೂತಿರಲಿ. ಸೇರಿಸ್ಕೋಬೇಡಿ. ಹಿಂದಿನ ಶಾಲೇಲಿ ಹೂಂ ಅಂದು ಬೇರೆ ಮಾಡಿದ್ರು, ಅದಕ್ಕೇ ಬಿಡಿಸಿದ್ದು." ಮಿಸ್ ಮಾತು ಕೊಟ್ಟಿದ್ದಳು. ಮೊದಲೆಲ್ಲ ಬ್ಯಾಗನ್ನು ಅಪ್ಪಿಕೊಂಡೇ ಕೂರುತ್ತಿದ್ದ ಚೋಟಿ ಈಗೀಗ ಅದನ್ನು ಗೂಟಕ್ಕೆ ನೇತುಹಾಕಲು ಕಲಿತಿದ್ದಳು.

ಬುಧವಾರ ಬಣ್ಣದ ಕೈಗಳನ್ನು ತೊಳೆದುಕೊಳ್ಳಲು ಮಕ್ಕಳು ನಲ್ಲಿಯ ಹತ್ತಿರ ಸಾಲುಗಟ್ಟಿದ್ದರು. ಹಸಿ ಚಿತ್ರಗಳನ್ನು ಹಗ್ಗಕ್ಕೆ ಸಿಕ್ಕಿಸುತ್ತಿದ್ದ ಮಿಸ್ಸಿನ ಕಿವಿಗೆ ಬಿದ್ದದ್ದು ತಾನೇ ಕಲಿಸಿದ ಮಾತು.

"ಪಿತನ, ಸುತನ, ಪವಿತ್ರಾತ್ಮರ ಹೆಸರಲ್ಲಿ..."

ತಿರುಗಿ ನೋಡಿದರೆ ಮೇಸ್ತ್ರಿಯ ಕೈಯಲ್ಲಿ ಬ್ರಷ್ ತೊಳೆಯುವ ಲೋಟ. ಅವನ ಮುಂದೆ ಬಗ್ಗಿ ನಿಂತ ಚೋಟಿಯ ಜಡೆಯಿಂದ ನೀಲಿ ನೀರು ತೊಟ್ಟಿಕ್ಕುತ್ತಿತ್ತು. ಹಿಂದಿನವರು "ನಂಗೂ ಮಾಡೋ, ನಂಗೂ!" ಎಂದು ತಳ್ಳಾಡುತ್ತಿದ್ದರು.

ಮಿಸ್ ಓಡಿಬಂದು ಲೋಟ ಕಿತ್ತುಕೊಂಡಳು. ತುರ್ತು ಇದ್ದರೆ ಜ್ಞಾನಸ್ನಾನವನ್ನು ಯಾರು ಬೇಕಾದರೂ ಕೊಡಬಹುದು, ನೀರೂ ಮಾತೂ ಸರಿಯಾಗಿದ್ದರೆ ಸಾಕು ಎಂದು ಧರ್ಮೋಪದೇಶದ ತರಬೇತಿಯಲ್ಲಿ ಅವಳೇ ಓದಿ ಪಾಸಾಗಿದ್ದಳು. ಮಾತು ಸರಿಯಾಗಿತ್ತು. ಹಾಗಿದ್ದರೆ ಈ ಮಗುವಿಗೆ ಜ್ಞಾನಸ್ನಾನ ಆಗಿಹೋಯಿತೆ?

"ಅಯ್ಯೋ ಬಿಡಿ ಮಿಸ್, ತಲೆ ಒರೆಸಿದ್ರೆ ಮುಗೀತು," ಎಂದಳು ಆಯಾ, ಟವಲು ತರುತ್ತ. "ಆಯಾ ಆಯಾ, ನನ್ನ ಹೆಸರು ಈಗ ಲಾರಿ!" ಎಂದಳು ಚೋಟಿ.

ಸಂಜೆ ಗೇಟಿನಲ್ಲಿ ಅಮ್ಮ ಮಗಳ ತಲೆ ಮುಟ್ಟಿ ನೋಡಿ, "ಏನಿದು, ಒದ್ದೆ?" ಎಂದಳು.

"ಕೈ ತೊಳೆಯುವಾಗ ಸ್ವಲ್ಪ ನೆನೀತು," ಎಂದಳು ಮಿಸ್. ಸುಳ್ಳಲ್ಲ. ನಿಜವೂ ಅಲ್ಲ. ಆ ಮಾತು ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಿನಂತೆ ರಾತ್ರಿಯಿಡೀ ಚುಚ್ಚಿತು.

ಗುರುವಾರ ಅಭ್ಯಾಸ ಮಾಡಿಸಲು ಪಾದ್ರಿಗಳು ಬಂದರು. ನಿಜವಾದ ಪಾದ್ರಿಗಳು. ಮಿಸ್ ಅವರನ್ನು ಕಪಾಟಿನ ಮರೆಗೆ ಕರೆದು ಉಸಿರು ಬಿಡದೆ ಎಲ್ಲ ಒದರಿದಳು.

"ನೀರು ಹರೀತಾ?"

"ಹರೀತು ಫಾದರ್. ನೀಲಿ."

"ಮಾತು?"

"ನಾನೇ ಕಲಿಸಿದ್ದು."

ಪಾದ್ರಿಗಳು ಗಡ್ಡ ಕೆರೆದುಕೊಂಡು ಮೇಸ್ತ್ರಿಯನ್ನು ಕರೆದರು. "ಏನಪ್ಪಾ ಮರಿ, ನಿನ್ನೆ ನಲ್ಲಿ ಹತ್ರ ಏನ್ ಮಾಡ್ತಿದ್ದೆ?"

"ಆಟ, ಫಾದರ್. ಮೊದ್ಲು ನಾನು ನೀವಾಗಿದ್ದೆ. ಆಮೇಲೆ ಬೇಜಾರಾಯ್ತು, ಡೈನೋಸಾರ್ ಆದೆ."

ಪಾದ್ರಿಗಳು ಬಾಯಿಗೆ ಕೈ ಅಡ್ಡ ಹಿಡಿದರು. ಭುಜ ಮಾತ್ರ ಕುಲುಕುತ್ತಿತ್ತು. ಹುಡುಗ ಓಡಿಹೋದ ಮೇಲೆ ಹೇಳಿದರು: "ಆಟ ಆಟಾನೇ ಮಿಸ್. ಜ್ಞಾನಸ್ನಾನ ಕೊಡೋವನಿಗೆ ನಿಜವಾಗ್ಲೂ ಕೊಡ್ತಿದೀನಿ ಅನ್ನೋ ಮನಸ್ಸು ಬೇಕು. ಡೈನೋಸಾರ್ ಕೊಟ್ಟಿದ್ದು ನಮ್ಮಲ್ಲಿ ನಡೆಯಲ್ಲ. ಏನೂ ಆಗಿಲ್ಲ, ನಿಶ್ಚಿಂತೆಯಿಂದಿರಿ."

"ಏನೂ ಆಗಿಲ್ಲ ಅಂದ್ಮೇಲೆ ಅವಳ ಅಮ್ಮನಿಗೆ ಹೇಳೋ ಅಗತ್ಯ..."

"ಅದನ್ನ ನನ್ನ ಕೇಳ್ತೀರಾ?" ಎಂದು ಪಾದ್ರಿಗಳು ಮಕ್ಕಳ ಸಾಲಿನ ಕಡೆ ನಡೆದರು.

ಆ ಸಂಜೆ ಮಿಸ್ ಗೇಟಿಗೆ ಹೋಗಲಿಲ್ಲ. ಕಪಾಟು ಜೋಡಿಸುವ ನೆಪ ಮಾಡಿ ಆಯಾಳನ್ನು ಕಳಿಸಿದಳು.

ಶುಕ್ರವಾರದ ಬಲಿಪೂಜೆ ಹೂವೆತ್ತಿದಷ್ಟು ಹಗುರವಾಗಿ ಮುಗಿಯಿತು. ಯಾರೂ ಅಳಲಿಲ್ಲ, ಯಾರೂ ಬಿಕ್ಕಳಿಸಲಿಲ್ಲ. ಎಲ್ಲರೂ ಮಿಸ್ಸನ್ನು ಹೊಗಳಿದರು. ಹೊಗಳಿಕೆ ಅವಳಿಗೆ ರುಚಿಸಲಿಲ್ಲ. ಗಂಟೆ ಹೊಡೆದದ್ದೇ ಅವಳು ಚೋಟಿಯ ಕೈ ಹಿಡಿದು ಗೇಟಿಗೆ ನಡೆದಳು. ಅಮ್ಮ ಯೂನಿಫಾರ್ಮಿನಲ್ಲೇ ನಿಂತಿದ್ದಳು.

"ಬುಧವಾರ ನಾನು ನಿಮಗೆ ಅರ್ಧ ಹೇಳಿದೆ," ಎಂದಳು ಮಿಸ್. ಉಳಿದರ್ಧವನ್ನು ಗೊಂಬೆಯಿಂದ ಹಿಡಿದು ಡೈನೋಸಾರ್ ತನಕ, ಒಂದನ್ನೂ ಬಿಡದೆ ಹೇಳಿದಳು. "ನಮ್ಮ ಲೆಕ್ಕದಲ್ಲಿ ಅದು ಏನೂ ಅಲ್ಲ. ಆದ್ರೆ ನಾನು ಮಾತು ಕೊಟ್ಟಿದ್ದೆ. ಕಣ್ಣಿಡಬೇಕಿತ್ತು. ಅವತ್ತೇ ಹೇಳಬೇಕಿತ್ತು."

ಅಮ್ಮನ ಮುಖ ಟಿಕೆಟ್ ಕೇಳುವ ಮುಖದಂತೆಯೇ ಇತ್ತು, ಏನೂ ಓದಲಾಗಲಿಲ್ಲ.

"ನಂಗೆ ಬುಧವಾರ ರಾತ್ರೀನೇ ಗೊತ್ತಾಯ್ತು ಮಿಸ್," ಎಂದಳು ಕೊನೆಗೆ. "ಡ್ಯೂಟಿ ಮುಗಿಸಿ ಕಾಲು ಚಾಚಿ ಕೂತಿದ್ದೆ. ಇವಳು ಹಿಂದಿನಿಂದ ಬಂದು ಚೊಂಬು ನೀರು ನೆತ್ತಿ ಮೇಲೆ ಸುರಿದ್ಲು. ನಾನು ಬಸ್ಸಂತೆ. ಅವರಪ್ಪ ಸೈಕಲ್ಲು. ನಮ್ಮತ್ತೆ ರೋಡ್ ರೋಲರ್."

ಮಿಸ್ಸಿಗೆ ನಗುವುದೋ ಬಿಡುವುದೋ ತಿಳಿಯಲಿಲ್ಲ.

"ಆ ಹೆಸರು ನಾನೇ ಹೇಳಿಕೊಟ್ಟೆ ಅಂತ ಅತ್ತೆಗೆ ಅನುಮಾನ. ಎರಡು ದಿನದಿಂದ ಮಾತು ಬಿಟ್ಟಿದಾರೆ." ಅಮ್ಮನ ತುಟಿ ಅರಳಿತು, ಮತ್ತೆ ಬಿಗಿಯಾಯಿತು. "ಮಕ್ಕಳಾಟಕ್ಕೆ ನಾನ್ಯಾಕೆ ಸಿಟ್ಟಾಗ್ಲಿ? ಆದ್ರೆ ನೀವು ಹೇಳ್ತೀರೋ ಮುಚ್ಚಿಡ್ತೀರೋ ನೋಡ್ತಿದ್ದೆ. ನಿನ್ನೆ ನೀವು ಗೇಟಿಗೇ ಬರ್ಲಿಲ್ಲ. ಇವತ್ತೂ ಬರದಿದ್ರೆ ಸೋಮವಾರ ಇವಳು ಬರ್ತಿರ್ಲಿಲ್ಲ."

"ಹಾಗಿದ್ರೆ..." ಎಂದಳು ಮಿಸ್.

ಅಮ್ಮ ಮಗಳ ಬ್ಯಾಗನ್ನು ತನ್ನ ಹೆಗಲಿಗೇರಿಸಿಕೊಂಡಳು. "ಸೋಮವಾರದಿಂದ ನಂದು ಮೊದಲ ಬಸ್ಸು. ಇವಳನ್ನ ಸ್ವಲ್ಪ ಬೇಗ ತಂದು ಬಿಡ್ಬಹುದಾ? ನೀವಿರ್ತೀರಾ?"

"ಇರ್ತೀನಿ," ಎಂದಳು ಮಿಸ್, ಎಷ್ಟು ಬೇಗ ಎಂದು ಕೇಳದೆಯೇ.