ನಡುವಿನ ನಂಬರು

ನಮ್ಮ ಮನೆಯ ಫೋನು ರಿಂಗಾದರೆ ನಾನು ಇವತ್ತಿಗೂ ಹಲೋ ಅನ್ನುವುದಿಲ್ಲ, ‘ಬೈಲಹೊಂಗಲ’ ಅನ್ನುತ್ತೇನೆ. ಇಪ್ಪತ್ತೆರಡು ವರ್ಷ ಇಲ್ಲಿನ ಎಕ್ಸ್‌ಚೇಂಜಿನಲ್ಲಿ, ಪರಊರಿನ ಕರೆ ಜೋಡಿಸುವ ಟ್ರಂಕ್ ಬೋರ್ಡಿನ ಮುಂದೆ ಕುಳಿತವಳ ನಾಲಿಗೆ ಇದು. ಹತ್ತಿ ಪೇಟೆಯ ದಲಾಲರಿಗೆ ಬೆಳಗಾವಿ ಬೇಕು, ಮುಂಬಯಿ ಬೇಕು; ಬಾಣಂತಿಯ ಸುದ್ದಿ ಕೇಳುವವರಿಗೆ ಧಾರವಾಡ ಬೇಕು. ಎಲ್ಲರನ್ನೂ ನಾನೇ ಹಚ್ಚಿ ಕೊಟ್ಟಿದ್ದೇನೆ. ತೊಂಬತ್ತಮೂರರಲ್ಲಿ ಹೊಸ ಮಷೀನು ಬಂತು, ಜನ ತಾವೇ ನಂಬರು ಒತ್ತತೊಡಗಿದರು, ನನ್ನನ್ನು ಬಿಲ್ಲಿನ ಕಿಟಕಿಗೆ ಕೂಡಿಸಿದರು. ನಿವೃತ್ತಿಯ ತನಕ ಅಲ್ಲೇ ಕುಳಿತೆ. ಬೋರ್ಡಿನ ಮುಂದೆ ಇದ್ದಷ್ಟು ದಿನ ಒಂದೇ ಒಂದು ರಾಂಗ್ ನಂಬರು ಕೊಟ್ಟವಳಲ್ಲ ನಾನು. ಹೀಗೆ ಹೇಳಿದರೆ ಈ ದೇವಕ್ಕನಿಗೆ ಜಂಬ ಅನ್ನುತ್ತಾರೆ. ಅನ್ನಲಿ. ಜಂಬಪಡುವಂಥ ಕೆಲಸ ಮಾಡಿದವರು ಜಂಬಪಡದೆ ಇನ್ನಾರು ಪಡಬೇಕು?

ಎರಡು ಸಾವಿರದ ಎಂಟನೆಯ ಇಸವಿ. ಮಧ್ಯಾಹ್ನ ಎರಡು ಹೊಡೆದು ಹತ್ತು ನಿಮಿಷವಾಗಿತ್ತು. ಕರೆಂಟು ಆಗಷ್ಟೇ ಹೋಗಿತ್ತು. ಆಗೆಲ್ಲ ಎರಡಕ್ಕೆ ಹೋದದ್ದು ಆರಕ್ಕೇ ಬರುತ್ತಿತ್ತು. ಫೋನು ರಿಂಗಾಯಿತು. ಪುಣೆಯಿಂದ ಒಬ್ಬ ಹೆಂಗಸು ಮರಾಠಿಯಲ್ಲಿ, ಉಮಾಶ್ರೀ ಇದ್ದಾಳೆಯೇ ಎಂದು ಕೇಳಿದಳು.

ಉಮಾಶ್ರೀ ನನ್ನ ಸೊಸೆ. ಕೆಮಿಸ್ಟ್ರಿ ಓದಿದ ಹುಡುಗಿ. ಕಬ್ಬಿನ ಹಾಲಿನಲ್ಲಿ ಸಕ್ಕರೆ ಎಷ್ಟಿದೆ ಎಂದು ಕಾರ್ಖಾನೆಯ ಲ್ಯಾಬಿನಲ್ಲಿ ಅಳೆಯುತ್ತಾರಲ್ಲ, ಆ ಕೆಲಸದ ಆರು ತಿಂಗಳ ತರಬೇತಿಗೆ ಪುಣೆಗೆ ಅರ್ಜಿ ಹಾಕಿದ್ದಳು. ಇದ್ದದ್ದೇ ಹನ್ನೆರಡು ಸೀಟು. ಅದು ಮುಗಿದರೆ ಎಂ.ಕೆ. ಹುಬ್ಬಳ್ಳಿಯ ಕಡೆ ಯಾವುದಾದರೂ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕೀತೆಂಬ ಆಸೆ. ಆಕೆಯ ಹೆಸರು ಹನ್ನೆರಡರಲ್ಲಿ ಬಂದಿದೆ, ನಾಲ್ಕು ದಿನದ ಹಿಂದೆಯೇ ಮೇಲ್ ಕಳಿಸಿದ್ದೇವೆ, ಉತ್ತರವೇ ಇಲ್ಲ, ಇವತ್ತು ಐದರೊಳಗೆ ‘ಬರುತ್ತೇನೆ’ ಎಂದು ಆಕೆಯ ಮೇಲ್ ಬರದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ ಎಂದಳು ಆ ಹೆಂಗಸು. ನಾನೇ ಹೇಳುತ್ತಿದ್ದೇನೆ, ಬರುತ್ತಾಳೆ, ಬರೆದುಕೊಳ್ಳಿ ಎಂದೆ. ಬಾಯಿಮಾತು ನಡೆಯುವುದಿಲ್ಲ ಎಂದು, ತನ್ನ ನಂಬರು ಹೇಳಿ ಫೋನಿಟ್ಟಳು.

ಉಮಾಶ್ರೀ ಮನೆಯಲ್ಲಿರಲಿಲ್ಲ. ಬಸುರಿ ಅಕ್ಕನ ಕುಬಸಕ್ಕೆಂದು ರಾಮದುರ್ಗದಾಚೆಯ ಹಳ್ಳಿಗೆ ಹೋಗಿ ಐದು ದಿನವಾಗಿತ್ತು. ಆ ಊರಿನಿಂದ ರಾಮದುರ್ಗಕ್ಕೆ ಇನ್ನು ಬಸ್ಸಿದ್ದದ್ದು ನಾಲ್ಕೂವರೆಗೆ. ಮಗ ಬಸವಲಿಂಗ ಸವದತ್ತಿಯಲ್ಲಿ ಮಾಸ್ತರ. ಅವನು ಶಾಲೆಯ ಮಕ್ಕಳನ್ನು ಆಟದ ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದ. ಇದ್ದವಳು ನಾನೊಬ್ಬಳೇ. ಆ ಹುಡುಗಿ ಅಡಿಗೆ ಮುಗಿಸಿ, ಪಾತ್ರೆ ತೊಳೆದು, ಒಲೆಯ ಪಕ್ಕದಲ್ಲೇ ಪುಸ್ತಕ ಹಿಡಿದು ಕುಳಿತದ್ದನ್ನು ಎರಡು ವರ್ಷ ನೋಡಿದ್ದೇನೆ. ನಾನು ಬಾಯಿಬಿಟ್ಟು ಹೊಗಳಿದವಳಲ್ಲ, ಆದರೆ ನೋಡಿದ್ದೇನೆ.

ಚಪ್ಪಲಿ ಮೆಟ್ಟಿಕೊಂಡು ಓಣಿಯ ತುದಿಯ ಕಾಂತೇಶನ ಅಂಗಡಿಗೆ ನಡೆದೆ. ಕಾಂತೇಶ ಸೈಬರ್ ಕೆಫೆಯನ್ನೂ ಮೊಬೈಲ್ ರಿಪೇರಿಯನ್ನೂ ಒಟ್ಟಿಗೆ ನಡೆಸುವವ. ಮೂವತ್ತರ ಪ್ರಾಯ, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಕತ್ತಲೆಯ ಅಂಗಡಿಯಲ್ಲಿ ಬೀಸಣಿಕೆ ಹಿಡಿದು ಕುಳಿತಿದ್ದ. ಉಮಾಶ್ರೀ ಹಳ್ಳಿಯಲ್ಲಿದ್ದಾಳೆ, ಐದರೊಳಗೆ ಆಕೆಯ ಮೇಲ್ ಹೋಗಬೇಕು ಎಂದೆ.

“ಕರೆಂಟಿಲ್ಲ, ಬ್ಯಾಟರಿನೂ ಸತ್ತೈತ್ರೀ ಅಕ್ಕಾರ. ಆರರ ತನಕ ಏನೂ ಆಗೂದಿಲ್ಲ.”

“ಉಮಾನ ಮೊಬೈಲಿನ್ಯಾಗ ಇಂಟರ್‌ನೆಟ್ ಹಾಕಿ ಕೊಟ್ಟೇನಿ ಅಂದಿದ್ದೆಲ್ಲೋ?”

“ಹಾಕೇನ್ರೀ. ಆದ್ರ ತೆರೀವಲ್ದು. ನೆಟ್‌ವರ್ಕ ಸರಿ ಇಲ್ರೀ ನಮ್ಮ ಕಡೆ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅದನ್ನು ಅವನ ಮುಖಕ್ಕೇ ಹೇಳಿದೆ. ಅವನಿಗೆ ಸ್ವಲ್ಪ ಚುಚ್ಚಿತೋ ಏನೋ, ಮೇಜಿನ ಖಾನೆಯಿಂದ ಒಂದು ಚೀಟಿ ತೆಗೆದ. ಹೋದ ವಾರ ಮೊಬೈಲ್ ಕಂಪನಿಯವನು ಬಂದು ಸರಿಯಾದ ಸೆಟ್ಟಿಂಗ್ ಬರೆದುಕೊಟ್ಟು ಹೋಗಿದ್ದನಂತೆ.

“ಆದ್ರ ಫೋನ್ ಕೈಯಾಗ ಇಲ್ಲಂದ್ರ ಸೆಟ್ಟಿಂಗ್ ಮಾಡಾಕ ಬರೂದಿಲ್ರೀ. ಸ್ಕ್ರೀನ್ ನೋಡಬೇಕಾಗತೈತಿ.”

“ಇಪ್ಪತ್ತೆರಡು ವರ್ಷ ನಾ ಯಾರ ಮಾರಿ ನೋಡಿ ಫೋನ್ ಹಚ್ಚೇನೋ? ಚೀಟಿ ತಗೋ. ನಡಿ ಮನಿಗೆ.”

ನಡೆದ. ನನ್ನ ದನಿಗೆ ಈಗಲೂ ಅಷ್ಟು ಬೆಲೆಯಿದೆ.

ಕರೆಂಟು ಹೋದರೂ ನಮ್ಮ ಮನೆಯ ಫೋನಿಗೆ ಜೀವ ಹೋಗುವುದಿಲ್ಲ, ಅದಕ್ಕೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಉಸಿರು ಬರುತ್ತದೆ. ಹಳ್ಳಿಗೆ ಹಚ್ಚಿದೆ. ಎತ್ತಿದವರು ಉಮಾಶ್ರೀಯ ಅಕ್ಕನ ಅತ್ತೆ ಇಂದ್ರವ್ವ. ಹಿಂದೆ ಹಾಡು, ಬಳೆಗಳ ಸದ್ದು.

“ಹಸರ ಸೀರಿ ಉಡಸಾಕ ಹತ್ತೇವ್ರೀ ದೇವಕ್ಕಾರ. ಈಗೆಂಥಾ ಫೋನು?”

“ಹಾಡ ನಿಂದರಸಬ್ಯಾಡ್ರಿ. ಉಮಾನ ಅಷ್ಟ ಕರೀರಿ. ಆಕಿ ತನ್ನ ಮೊಬೈಲ್ ಹಿಡಕೊಂಡು ಬರ್ಲಿ.”

ಉಮಾಶ್ರೀ ಬಂದಳು. ವಿಷಯ ಹೇಳಿದೆ. “ಹೋತಲ್ರೀ ಅತ್ತ್ಯಾರ, ಸೀಟು ಹೋತಲ್ರೀ” ಎಂದು ಅಳು ಶುರುವಾಯಿತು.

“ಅಳೂದು ಐದರ ಮ್ಯಾಲೆ. ಈಗ ಮೂರಾತು. ನಾ ಹೇಳಿದ್ದನ್ನ ನೀ ತಿರುಗಿ ಹೇಳಬೇಕು, ತಿರುಗಿ ಹೇಳಿದ ಮ್ಯಾಲೆ ಒತ್ತಬೇಕು. ಮದಲ ಒತ್ತಿದ್ರ ನೋಡು.”

ಇದು ನಮ್ಮ ಬೋರ್ಡಿನ ಪದ್ಧತಿ. ನಂಬರು ಹೇಳುವುದು, ಆ ಕಡೆಯ ಆಪರೇಟರ್ ಅದನ್ನೇ ತಿರುಗಿ ಒಪ್ಪಿಸುವುದು, ಆಮೇಲೆ ವಯರು ಚುಚ್ಚುವುದು. ಕಾಂತೇಶ ಕುರ್ಚಿಯ ತುದಿಗೆ ಕುಳಿತು, ಯಾವ ಪಟ್ಟಿಯೊಳಗೆ ಯಾವುದನ್ನು ಹುಡುಕಬೇಕೆಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದ. ನಾನು ಅದನ್ನು ಹೇಳುತ್ತಿದ್ದೆ, ಉಮಾಶ್ರೀ ಒಪ್ಪಿಸುತ್ತಿದ್ದಳು. ಎರಡು ಸಲ ಅವಸರಪಟ್ಟು ಮೊದಲೇ ಒತ್ತಿ ಎಲ್ಲಿಗೋ ಹೋದಳು. ಎರಡು ಸಲವೂ ಬೈದು, ಮೊದಲಿನಿಂದ ಶುರು ಮಾಡಿಸಿದೆ. ಅಂತೂ ಬೇಕಾದ ಪುಟ ಸಿಕ್ಕಿತು.

“ಮ್ಯಾಲಿಂದ ಕೆಳಗ ಓದು. ಒಂದ ಸಾಲೂ ಬಿಡಬ್ಯಾಡ.”

ಓದುತ್ತ ಓದುತ್ತ ಅವಳು, “ಪ್ರಾಕ್ಸಿ ಅಡ್ರೆಸ್” ಎಂದು ಹತ್ತು ಅಂಕಿ ಹೇಳಿದಳು. ನಂಬರು ನನ್ನ ಕಿವಿಗೆ ಒಮ್ಮೆ ಬಿದ್ದರೆ ಅಳಿಯುವುದಿಲ್ಲ. ಅದು ಉಮಾಶ್ರೀಯದೇ ಮೊಬೈಲ್ ನಂಬರು. ಚೀಟಿಯಲ್ಲಿ ಬೇರೆಯೇ ಇತ್ತು.

ಕಾಂತೇಶನ ಕಡೆ ತಿರುಗಿದೆ. “ಇಲ್ಲಿ ಆಕಿ ನಂಬರ್ ಯಾಕ ಹಾಕಿದ್ಯೋ?”

ಅವನು ತಲೆ ಕೆರೆದುಕೊಂಡ. “ಆವಾಗ ಚೀಟಿ ಇರಲಿಲ್ರೀ. ಅಡ್ರೆಸ್ ಅಂತ ಕೇಳಿತ್ತು. ಯಾವ ಅರ್ಜಿ ತುಂಬಿದ್ರೂ ನಮ್ಮ ಅಡ್ರೆಸ್ ಅಲ್ರೀ ಕೇಳೂದು? ಫೋನಿಗೆ ಮನಿ ಎಲ್ಲಿ, ನಂಬರ್ ಹಾಕಿದೆ.”

“ಈ ಪ್ರಾಕ್ಸಿ ಅಂದ್ರ ಏನು ಮದಲ ಹೇಳು.”

“ಕಂಪನಿಯಂವ ಹೇಳಿದ್ರೀ. ನಮ್ಮ ಫೋನ್ ಸೀದಾ ಇಂಟರ್‌ನೆಟ್ಟಿಗೆ ಹೋಗೂದಿಲ್ಲ. ನಡುವ ಒಂದು ಮಷೀನ್ ಕುಂತಿರತೈತಿ. ನಮಗ ಏನು ಬೇಕು ಅದಕ್ಕ ಹೇಳೂದು. ಅದು ನಮ್ಮ ಬದ್ಲಿ ಹೋಗಿ ಕೇಳಿ, ತಂದು ನಮ್ಮ ಕೈಯಾಗ ಕೊಡತೈತಿ.”

ನನಗೆ ನಗು ಬಂತು. ಇಷ್ಟು ವರ್ಷ ಹೊಸದು ಹೊಸದು ಎಂದು ನನ್ನನ್ನು ಹೆದರಿಸಿದ್ದು ಇದನ್ನೇ ಏನು? ಊರಿನವರು ನನಗೆ ಹೇಳುತ್ತಿದ್ದರು, ನಾನು ಬೆಳಗಾವಿಗೆ ಹೇಳುತ್ತಿದ್ದೆ, ಅಲ್ಲಿಂದ ಬಂದದ್ದನ್ನು ಊರಿನವರ ಕಿವಿಗೆ ಹಚ್ಚುತ್ತಿದ್ದೆ. ನಡುವೆ ಕುಳಿತವಳು ನಾನು.

“ಹುಚ್ಚಪ್ಪಾ, ಇದು ಆಪರೇಟರನ ನಂಬರೋ!” ಎಂದೆ. “ಟ್ರಂಕ್ ಕಾಲ್ ಮಾಡಾವ ಎಕ್ಸ್‌ಚೇಂಜಿಗೆ ಫೋನ್ ಹಚ್ಚೂದು ಬಿಟ್ಟು ತನ್ನ ಮನಿಗೆ ತಾನ ಹಚ್ಚಿಕೊಂಡ್ರ ಯಾರು ಎತ್ತಬೇಕು? ಉಮಾ, ಆ ನಂಬರ್ ಅಳಸು. ಈಗ ಮೂರು ಮೂರು ಅಂಕಿ ಹೇಳತೇನಿ, ನಾಲ್ಕು ಸಲ. ನಡುನಡುವ ಒಂದು ಚುಕ್ಕಿ. ಸೊನ್ನಿ ಒಂದು ಸೊನ್ನಿ. ಹೇಳು.”

“ಸೊನ್ನಿ ಒಂದು ಸೊನ್ನಿ.”

“ಒತ್ತು. ಚುಕ್ಕಿ. ಹೇಳು.”

ಹದಿನೈದು ವರ್ಷದಿಂದ ಸುಮ್ಮನಿದ್ದ ದನಿ ತಾನಾಗಿ ಹೊರಬಂತು. ಏರಿಲ್ಲ, ಇಳಿವಿಲ್ಲ, ಅಂಕಿಯಿಂದ ಅಂಕಿಗೆ ಒಂದೇ ಅಂತರ. ಕಾಂತೇಶ ಚೀಟಿ ಬಿಟ್ಟು ನನ್ನನ್ನೇ ನೋಡುತ್ತಿದ್ದ. ನೋಡಲಿ ಎಂದುಕೊಂಡೆ.

ಅವಳು ಎಲ್ಲವನ್ನೂ ಸೇವ್ ಮಾಡಿದಳು. ಆ ಮನೆಯೊಳಗೆ ಮೊಬೈಲಿಗೆ ಸಿಗ್ನಲ್ಲಿಲ್ಲ, ತಲಬಾಗಿಲಿನ ಕಟ್ಟೆಗೆ ಹೋಗಬೇಕು. ರಿಸೀವರನ್ನು ಇಂದ್ರವ್ವನ ಕೈಗೆ ಕೊಟ್ಟು ಓಡಿದಳು. ನಾನು ಗಡಿಯಾರ ನೋಡಿದೆ, ನಾಲ್ಕಾಗಲು ಐದು ನಿಮಿಷ. ಇಂದ್ರವ್ವ ಅಲ್ಲಿಂದಲೇ ವರದಿ ಒಪ್ಪಿಸುತ್ತಿದ್ದಳು: “ಮೊಬೈಲಿನ್ಯಾಗ ಚಕ್ರ ತಿರಗಾಕ ಹತ್ತೈತಂತ್ರೀ... ಇನ್ನೂ ತಿರಗಾಕ ಹತ್ತೈತಂತ... ಇಲ್ರೀ, ಬರಲಿಲ್ಲಂತ.”

ಉಮಾಶ್ರೀ ವಾಪಸು ಬಂದಳು. “ಆಗೂದಿಲ್ರೀ ಅತ್ತ್ಯಾರ, ಬಿಡ್ರಿ. ನನ್ನ ನಶೀಬ.”

ನನಗೆ ಸಿಟ್ಟು ನೆತ್ತಿಗೇರಿತು. “ನಶೀಬ ಅನ್ನೂದು ಫೋನಿನ ಸೆಟ್ಟಿಂಗಿನ್ಯಾಗ ಎಲ್ಲಿ ಬರದಾರ, ತೋರ್ಸು! ಮತ್ತ ಅದ ಪುಟ ತೆಗಿ. ನಾವು ತುಂಬಿದ್ದರ ಕೆಳಗ ಏನೈತಿ?”

“ಪೋರ್ಟ್ ಅಂತ ಐತ್ರಿ. ಮುಂದ ಸೊನ್ನಿ ಐತಿ.”

ಚೀಟಿಯಲ್ಲಿ ಅದರ ಮುಂದೆ ನಾಲ್ಕು ಅಂಕಿ ಇದ್ದವು. ಇದನ್ನೇಕೆ ಹೇಳಲಿಲ್ಲ ಎಂದು ಕಾಂತೇಶನನ್ನು ಕೇಳಿದೆ. “ಭಾಳ ಫೋನಿನ್ಯಾಗ ಅದು ತಾನ ತುಂಬಿರತೈತ್ರೀ. ಅದು ಏನಂತ ನನಗೂ ಗೊತ್ತಿಲ್ಲ” ಎಂದ.

ನನಗೆ ಗೊತ್ತಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಗೊತ್ತಿತ್ತು. ಆಪರೇಟರ್ ಎದುರಿಗಿದ್ದರೆ ಸಾಕೇ? ಅವಳ ಮುಂದಿನ ಬೋರ್ಡಿನಲ್ಲಿ ನೂರು ತೂತು ಇರುತ್ತವೆ. ಯಾವ ತೂತಿಗೆ ವಯರು ಚುಚ್ಚಬೇಕೆಂದು ಹೇಳದಿದ್ದರೆ ಅವಳು ತಾನೇ ಏನು ಮಾಡಿಯಾಳು?

“ಎಂಟು ಸೊನ್ನಿ ಎಂಟು ಸೊನ್ನಿ. ಹೇಳು.”

“ಎಂಟು ಸೊನ್ನಿ ಎಂಟು ಸೊನ್ನಿ.”

“ಒತ್ತು. ಸೇವ್ ಮಾಡು. ಫೋನ್ ಒಮ್ಮೆ ಬಂದ್ ಮಾಡಿ ಚಾಲೂ ಮಾಡು. ಓಡು.”

ಮತ್ತೆ ಇಂದ್ರವ್ವ. “ತಿರಗಾಕ ಹತ್ತೈತಂತ್ರೀ...” ಆಕೆಯ ದನಿಯೂ ಈಗ ಬದಲಾಗಿತ್ತು. ಕುಬಸದ ಹಾಡು ನಿಂತಿತ್ತು. ಬಂದ ಹೆಂಗಸರೆಲ್ಲ ಕಟ್ಟೆಗೆ ಹೋಗಿ ಉಮಾಶ್ರೀಯ ಸುತ್ತ ನಿಂತಿದ್ದಾರೆಂದು ಆಮೇಲೆ ತಿಳಿಯಿತು. “ತಿರಗಾಕ... ತೆರೀತಂತ! ದೇವಕ್ಕಾರ, ತೆರೀತಂತ್ರೀ! ಪತ್ರ ಕಾಣಾಕ ಹತ್ತೈತಂತ!” ಕೂಗುತ್ತಲೇ ಆಕೆಯೂ ಕಟ್ಟೆಗೆ ಓಡಿದಳು. ರಿಸೀವರು ಮೇಜಿನ ಮೇಲೆ ಟಪ್ಪೆಂದು ಬಿದ್ದ ಸದ್ದು ಕೇಳಿತು.

ನಾಲ್ಕು ಮೂವತ್ತೆಂಟಕ್ಕೆ ದೂರದಿಂದ ಉಮಾಶ್ರೀಯ ದನಿ ಬಂತು. “ಹೋತ್ರೀ! ಮೇಲ್ ಹೋತ್ರೀ!”

ಹೋದರೆ ಸಾಲದು, ಮುಟ್ಟಬೇಕು. ಕಾಂತೇಶನ ಮೊಬೈಲಿನಿಂದ ಪುಣೆಗೆ ಹಚ್ಚಿಸಿದೆ. ಅದೇ ಹೆಂಗಸು ಎತ್ತಿದಳು. ನನ್ನ ಟ್ರಂಕ್ ಕಾಲದ ಮರಾಠಿಯಲ್ಲಿ ಕೇಳಿದೆ. ಸ್ವಲ್ಪ ತಡೆಯಿರಿ ಎಂದಳು. ಕಾಂತೇಶ ಉಗುರು ಕಚ್ಚುತ್ತಿದ್ದ. ಬಂದಿದೆ, ಈಗಷ್ಟೇ ಬಂತು, ಹೆಸರು ಹನ್ನೆರಡರಲ್ಲಿ ಪಕ್ಕಾ ಆಯಿತು ಎಂದಳು. ಕಾಂತೇಶ ಎರಡೂ ಕೈ ಮೇಲೆತ್ತಿ ಕುಣಿದುಬಿಟ್ಟ.

ಈ ಸುದ್ದಿ ಹೇಳಲೆಂದು ನಮ್ಮ ರಿಸೀವರನ್ನು ಕಿವಿಗೆ ಹಿಡಿದೆ. ಆ ಕಡೆ ಇನ್ನೂ ಯಾರೂ ಎತ್ತಿರಲಿಲ್ಲ, ಆದರೆ ಮಾತು ಕೇಳಿಸುತ್ತಿತ್ತು. ಹೆಂಗಸರು ಒಳಗೆ ಬಂದಿದ್ದರು. ಸಂಪರ್ಕ ಕೊಟ್ಟ ಮೇಲೆ ಮತ್ತೊಬ್ಬರ ಮಾತಿಗೆ ಕಿವಿಗೊಡುವುದು ಆಪರೇಟರಿಗೆ ದೊಡ್ಡ ತಪ್ಪು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನಾನು ಆ ತಪ್ಪು ಮಾಡಿದವಳಲ್ಲ. ಅವತ್ತು ಮಾಡಿದೆ.

ಇಂದ್ರವ್ವ ಕೇಳುತ್ತಿದ್ದಳು, “ಅಲ್ಲವಾ ಉಮಾ, ಅಲ್ಲಿ ಕುಂತು ಇಲ್ಲಿ ಫೋನ್ ರಿಪೇರಿ ಮಾಡಿದ್ರಲ್ಲ! ನಿಮ್ಮ ಅತ್ತಿ ರಿಟಾಯರ್ ಆಗ್ಯಾರ ಅಂದಿದ್ದಿ?”

ಉಮಾಶ್ರೀ ಮೂಗು ಎಳೆದುಕೊಂಡ ಸದ್ದು ಬಂತು. ಅತ್ತದ್ದಕ್ಕೋ ನಕ್ಕದ್ದಕ್ಕೋ ತಿಳಿಯಲಿಲ್ಲ.

“ನಮ್ಮ ಅತ್ತಿ ಎಲ್ಲಿ ರಿಟಾಯರ್ ಆಗ್ಯಾರ್ರೀ?” ಎಂದಳು. “ರಿಟಾಯರ್ ಆಗಿದ್ದು ಬೋರ್ಡು.”

ನಾನು ರಿಸೀವರನ್ನು ಎದೆಗೆ ಒತ್ತಿಕೊಂಡು ನಿಂತೆ. ಕಣ್ಣು ತುಂಬಿದ್ದವು, ಹೇಳಲಿಕ್ಕೆ ನನಗೇನೂ ನಾಚಿಕೆಯಿಲ್ಲ.

“ಏನಂತ್ರೀ ಅಕ್ಕಾರ?” ಎಂದ ಕಾಂತೇಶ.

“ಏನಿಲ್ಲೋ. ಲೈನ್ ಚಲೋ ಐತಿ” ಎಂದೆ.